ಫ್ರೋಜನ್ ಶೋಲ್ಡರ್: ಚುಚ್ಚುಮದ್ದು ಹಾಕಿಸಬೇಕೇ, ಕಾಯಬೇಕೇ?

ಪ್ರಶ್ನೆ: ನನ್ನ ತಾಯಿಗೆ 54 ವರ್ಷ, ಸಕ್ಕರೆ ಕಾಯಿಲೆಯಿದೆ. ಐದು ತಿಂಗಳಿಂದ ಎಡಭುಜ ಬಿಗಿದುಕೊಂಡು, ಜಡೆ ಹೆಣೆದುಕೊಳ್ಳಲೂ ಆಗುತ್ತಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನೋವಿನಿಂದ ಎಚ್ಚರವಾಗುತ್ತದೆ. ಎಕ್ಸ್‌ರೇಯಲ್ಲಿ ದೋಷವೇನೂ ಕಾಣಿಸಿಲ್ಲ. ವೈದ್ಯರು ಸ್ಟೀರಾಯ್ಡ್ ಚುಚ್ಚುಮದ್ದು ಸೂಚಿಸಿದ್ದಾರೆ. ಅದಿಲ್ಲದೆ ಗುಣವಾಗುವುದಿಲ್ಲವೇ?

ಉತ್ತರ 1: ನಾನು ಫಿಸಿಯೋಥೆರಪಿಸ್ಟ್. ಭುಜದ ಕೀಲನ್ನು ಸುತ್ತುವರಿದ ಪೊರೆಯು ಉರಿಯೂತದಿಂದ ದಪ್ಪಗಾಗಿ ಕುಗ್ಗುವುದೇ ಈ ತೊಂದರೆಯ ಮೂಲವಾದ್ದರಿಂದ ಎಕ್ಸ್‌ರೇ ಸಾಮಾನ್ಯವಾಗಿಯೇ ಇರುತ್ತದೆ. ಮೊದಲು ನೋವು, ನಂತರ ಬಿಗಿತ, ಕೊನೆಗೆ ನಿಧಾನವಾದ ಸಡಿಲಿಕೆ ಎಂಬ ಕ್ರಮದಲ್ಲಿ ಸಾಗುವ ಇದು ಬಹುತೇಕರಲ್ಲಿ 1ರಿಂದ 3 ವರ್ಷಗಳಲ್ಲಿ ಸಾಕಷ್ಟು ಸುಧಾರಿಸುತ್ತದೆ. ಆದರೆ ಮಧುಮೇಹಿಗಳಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು, ಕೆಲವರಲ್ಲಿ ಸ್ವಲ್ಪ ಬಿಗಿತ ಉಳಿಯುವುದೂ ಉಂಟು. ಚುಚ್ಚುಮದ್ದಿನ ಪ್ರಯೋಜನ ಹೆಚ್ಚಾಗಿ ನೋವಿನ ಹಂತದಲ್ಲಿ, ಅದೂ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ. ಆ ಬಿಡುವಿನಲ್ಲಿ ವ್ಯಾಯಾಮ ಸುಲಭವಾಗುತ್ತದೆ. ಹಾಕಿಸಿದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರಬಹುದಾದ್ದರಿಂದ ಮನೆಯಲ್ಲೇ ಪರೀಕ್ಷಿಸುತ್ತಿರಿ.

ಉತ್ತರ 2: ನನಗೆ ಹದಿನೆಂಟು ತಿಂಗಳು ಹಿಡಿಯಿತು. ಬಲವಂತವಾಗಿ ಎಳೆಸಿಕೊಂಡು ನೋವು ಹೆಚ್ಚಿಸಿಕೊಂಡದ್ದು ನನ್ನದೇ ಅವಿವೇಕ. ಬಿಸಿನೀರಿನ ಶಾಖದ ನಂತರ ಮುಂದಕ್ಕೆ ಬಾಗಿ ಕೈಯನ್ನು ಲೋಲಕದಂತೆ ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವುದು, ಇಷ್ಟನ್ನೇ ದಿನಕ್ಕೆ ಮೂರು ಬಾರಿ ಮಾಡುತ್ತಿದ್ದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಬಹುದೇ?

ಉತ್ತರ 1: ಅಪರೂಪ. ತಿಂಗಳುಗಟ್ಟಲೆ ಚಿಕಿತ್ಸೆಯಿಂದಲೂ ಬಿಗಿತ ಸಡಿಲವಾಗದಿದ್ದರೆ ಮಾತ್ರ ಅರಿವಳಿಕೆ ನೀಡಿ ಕೀಲನ್ನು ಸಡಿಲಿಸುವುದು ಅಥವಾ ಸಣ್ಣ ರಂಧ್ರದಿಂದ ಕೀಲಿನೊಳಗೆ ತೂರಿಸುವ ದೂರ್ಬೀನಿನ (ಆರ್ತ್ರೋಸ್ಕೋಪ್) ಮೂಲಕ ಪೊರೆಯನ್ನು ಬಿಡಿಸುವುದನ್ನು ಪರಿಗಣಿಸುತ್ತಾರೆ. ಥೈರಾಯ್ಡ್ ತೊಂದರೆಯಿರುವವರಲ್ಲೂ ಫ್ರೋಜನ್ ಶೋಲ್ಡರ್ ಹೆಚ್ಚಾಗಿ ಕಾಣಿಸುವುದರಿಂದ, ಥೈರಾಯ್ಡ್ ಪರೀಕ್ಷೆಯಾಗಿಲ್ಲದಿದ್ದರೆ ಅದನ್ನೂ ವೈದ್ಯರಲ್ಲಿ ಕೇಳಿ.