ಇಂಡಲ್ಜೆನ್ಸ್ ಪಾಪ ಕ್ಷಮಿಸುತ್ತಿರಲಿಲ್ಲ ಎಂದರೆ ಲೂಥರನ ತಕರಾರು ಏನಿತ್ತು?

ಹಳೇಕಡತ:
ಶಾಲೆಯ ಇತಿಹಾಸದಲ್ಲಿ ‘ಚರ್ಚು ದುಡ್ಡಿಗೆ ಪಾಪಕ್ಷಮೆ (ಇಂಡಲ್ಜೆನ್ಸ್) ಮಾರುತ್ತಿತ್ತು, ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಪ್ರತಿಭಟಿಸಿದ’ ಅಂತ ಒಂದೇ ಸಾಲಲ್ಲಿ ಮುಗಿಸುತ್ತಾರೆ. ಕ್ಯಾಥೊಲಿಕ್ ಬೋಧನೆಯ ಪ್ರಕಾರ ಇಂಡಲ್ಜೆನ್ಸ್‌ನಿಂದ ಪಾಪ ಹೋಗುವುದೇ ಇಲ್ಲವಂತೆ. ಹಾಗಾದರೆ 1517ರ ಜಗಳ ಸರಿಯಾಗಿ ಯಾವುದರ ಮೇಲೆ?

ತಾಳೆಗರಿ:
ದೋಷ ಬೇರೆ, ದಂಡ ಬೇರೆ. ಇದನ್ನು ಬಿಟ್ಟರೆ ಏನೂ ಅರ್ಥವಾಗುವುದಿಲ್ಲ. ಪ್ರಾಯಶ್ಚಿತ್ತ ಸಂಸ್ಕಾರದಲ್ಲಿ ಭಕ್ತ ಮಾಡಬೇಕಾದ್ದು ಮೂರು: ಮನಸಾರೆ ಪಶ್ಚಾತ್ತಾಪ, ಪಾದ್ರಿಯ ಮುಂದೆ ಪಾಪನಿವೇದನೆ, ಆಮೇಲೆ ಅವರು ವಿಧಿಸಿದ ಉಪವಾಸ, ಪ್ರಾರ್ಥನೆ, ದಾನ. ಪಾದ್ರಿ ಕ್ಷಮೆ ಘೋಷಿಸಿದಾಗ ದೋಷ ಹೋಯಿತು, ನರಕ ತಪ್ಪಿತು. ತೀರಿಸಬೇಕಾದ ದಂಡ ಮಾತ್ರ ಬಾಕಿ. ಇಲ್ಲಿ ತೀರದಿದ್ದರೆ, ಸತ್ತ ಮೇಲೆ ಆತ್ಮ ಶುದ್ಧಿಯಾಗುವ ಪರ್ಗೆಟರಿಯಲ್ಲಿ ತೀರಬೇಕು. ಇಂಡಲ್ಜೆನ್ಸ್ ಮನ್ನಾ ಮಾಡುವುದು ಈ ಬಾಕಿಯನ್ನು. ಮನ್ನಾಕ್ಕೆ ಬಂಡವಾಳ? ಕ್ರಿಸ್ತನ, ಸಂತರ ಪುಣ್ಯದ ಭಂಡಾರ ಎಂದು 1343ರಲ್ಲೇ ಪೋಪ್ ಆರನೇ ಕ್ಲೆಮೆಂಟ್ ‘ಉನಿಜೆನಿಟುಸ್’ ಶಾಸನದಲ್ಲಿ ಹೇಳಿದ್ದ.

ಎಡವಟ್ಟಾಗಿದ್ದು 1476ರಲ್ಲಿ, ನಾಲ್ಕನೇ ಸಿಕ್ಸ್ಟಸ್ ಇದನ್ನು ಸತ್ತವರಿಗೂ ವಿಸ್ತರಿಸಿದ ಮೇಲೆ. ಮೈನ್ಜ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಇಂಡಲ್ಜೆನ್ಸ್ ಮಾರುವ ಬೋಧಕರಿಗೆ ಕೊಟ್ಟ ಸೂಚನೆ ನೋಡಿ: ತನಗಾಗಿ ಪಡೆಯುವವನಿಗೆ ಪಶ್ಚಾತ್ತಾಪ, ಪಾಪನಿವೇದನೆ ಕಡ್ಡಾಯ, ಸತ್ತವರ ಹೆಸರಲ್ಲಿ ಕೊಡುವವನು ಪೆಟ್ಟಿಗೆಗೆ ದುಡ್ಡು ಹಾಕಿದರೆ ಸಾಕು. ದರ ಅಂತಸ್ತಿಗೆ ತಕ್ಕಂತೆ. ರಾಜರು, ಬಿಷಪ್ಪರಿಗೆ 25 ರೈನ್ ಚಿನ್ನದ ಗಿಲ್ಡರ್, ಕಾಸಿಲ್ಲದವರಿಗೆ ಪ್ರಾರ್ಥನೆ, ಉಪವಾಸ. ಅರ್ಧ ಹಣ ರೋಮಿನ ಸಂತ ಪೇತ್ರರ ದೇವಾಲಯಕ್ಕೆ, ಅರ್ಧ ಆಲ್ಬ್ರೆಕ್ಟ್ ಫುಗ್ಗರ್ ಎಂಬ ಲೇವಾದೇವಿ ಮನೆತನಕ್ಕೆ ತೀರಿಸಬೇಕಿದ್ದ ಸಾಲಕ್ಕೆ.

ಗ್ರೀಕುಮೂಲ:
ಮೇಲಿನದು ಸರಿ, ಆದರೆ ಲೂಥರ್ ಕೊಡಲಿ ಹಾಕಿದ್ದು ದರಪಟ್ಟಿಗಲ್ಲ. 1517ರಲ್ಲಿ ಆತ ಮುಂದಿಟ್ಟ 95 ವಾದಸೂತ್ರಗಳಲ್ಲಿ ಮೊದಲ ಎರಡನ್ನೇ ಓದಿ. ಮತ್ತಾಯ 4:17ರ ಲ್ಯಾಟಿನ್ ‘ಪೆನಿಟೆನ್ಶಿಯಂ ಅಗಿಟೆ’ಯನ್ನು ‘ಪ್ರಾಯಶ್ಚಿತ್ತ ಮಾಡಿ’ ಎಂದು ಓದಿ ಅದನ್ನು ಸಂಸ್ಕಾರಕ್ಕೆ ಅಂಟಿಸಿದ್ದರು. ಇಡೀ ಬದುಕೇ ಪಶ್ಚಾತ್ತಾಪವಾಗಬೇಕು, ಈ ಮಾತಿಗೂ ಪಾದ್ರಿ ನಡೆಸುವ ಸಂಸ್ಕಾರಕ್ಕೂ ಸಂಬಂಧವಿಲ್ಲ ಎಂದ ಲೂಥರ್. ಗ್ರೀಕಿನ ‘ಮೆಟಾನೊಯಿಯಾ’ ಎಂದರೆ ಮನಸ್ಸು ಬದಲಾಗುವುದು ಎಂದು 1518ರಲ್ಲಿ ತನ್ನ ಗುರು ಸ್ಟೌಪಿಟ್ಸ್‌ಗೆ ಪತ್ರವನ್ನೂ ಬರೆದ. (ನಮ್ಮ ಹಳೆಯ ಕನ್ನಡ ಬೈಬಲಿನ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಗ್ರೀಕಿಗೇ ಹತ್ತಿರ.)

ಆಮೇಲೆ 5ನೆಯದು: ಪೋಪ್ ತಾನು ಅಥವಾ ಚರ್ಚಿನ ಕಾನೂನು ವಿಧಿಸಿದ ದಂಡವನ್ನಷ್ಟೇ ಮನ್ನಾ ಮಾಡಬಲ್ಲ. 8ನೆಯದು: ಆ ಕಾನೂನು ಬದುಕಿರುವವರಿಗೆ ಮಾತ್ರ. ಎರಡನ್ನೂ ಕೂಡಿಸಿ, ಪರ್ಗೆಟರಿಯ ಮೇಲೆ ಪೋಪನ ಅಧಿಕಾರ ಎಲ್ಲಿ ಉಳಿಯಿತು? ಹಾಗಂತ ಇಂಡಲ್ಜೆನ್ಸನ್ನು ಪೂರ್ತಿ ತಳ್ಳಿಹಾಕಿದ ಎನ್ನಬೇಡಿ, ಅದನ್ನು ಅಲ್ಲಗಳೆಯುವವನಿಗೆ ಶಾಪವಿರಲಿ ಎನ್ನುತ್ತದೆ 71ನೆಯದು!

1518ರ ಅಕ್ಟೋಬರ್‌ನಲ್ಲಿ ಔಗ್ಸ್‌ಬರ್ಗ್‌ನಲ್ಲಿ ಪೋಪನ ಪ್ರತಿನಿಧಿಯಾಗಿ ವಿಚಾರಣೆ ನಡೆಸಿದ ಕಾರ್ಡಿನಲ್ ಕಯೆಟಾನ್ ಹಿಡಿದದ್ದು 58ನೆಯದನ್ನು: ಆ ಭಂಡಾರ ಕ್ರಿಸ್ತನ, ಸಂತರ ಪುಣ್ಯವಲ್ಲ ಎಂದಿದ್ದ ಲೂಥರ್. ‘ಉನಿಜೆನಿಟುಸ್’ ಮುಂದಿಟ್ಟರೆ, ಪೋಪನ ಶಾಸನಕ್ಕಿಂತ ಧರ್ಮಗ್ರಂಥ ಮೇಲು ಎಂದ. ಜಗಳ ಇಂಡಲ್ಜೆನ್ಸ್ ಬಿಟ್ಟು ಪೋಪನ ಅಧಿಕಾರಕ್ಕೆ ಜಾರಿದ್ದು ಅಲ್ಲೇ.

ಹಳೇಕಡತ:
ಸ್ಪಷ್ಟವಾಯಿತು. ಕೊನೆಗೆ ಕ್ಯಾಥೊಲಿಕರು ಇದನ್ನು ಕೈಬಿಟ್ಟರಾ?

ತಾಳೆಗರಿ:
ಇಲ್ಲ. ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಸಭೆ 1562ರಲ್ಲಿ ಇಂಡಲ್ಜೆನ್ಸ್ ಹೆಸರಲ್ಲಿ ದುಡ್ಡೆತ್ತುವವರ ಹುದ್ದೆಯನ್ನೇ ರದ್ದು ಮಾಡಿತು. 1563ರ ಡಿಸೆಂಬರ್‌ನಲ್ಲಿ ಬೋಧನೆಯನ್ನು ಮಾತ್ರ ಉಳಿಸಿಕೊಂಡು, ಅದು ನಿರುಪಯುಕ್ತ ಎನ್ನುವವರಿಗೆ ಶಾಪ ಹಾಕಿತು.