ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಕಾಂಪಿಟಿಷನ್: ಫೈನಲಿಸ್ಟ್‌ಗಳನ್ನ ಒಂದು ವಾರ ಕೂಡಿಹಾಕೋದು ನಿಜಾನಾ?

ಸಂಪಿಗೆರೋಡ್_ಅಮ್ಮ

ಎಲ್ರಿಗೂ ನಮಸ್ಕಾರ. ಮಗಳು ವೆಸ್ಟರ್ನ್ ವಯಲಿನ್ ಕಲೀತಿದಾಳೆ, 12 ವರ್ಷ, ಈ ಸಲ ಗ್ರೇಡ್ 5. ಅವಳ ಟೀಚರು ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಕಾಂಪಿಟಿಷನ್ 2024ರ ವಯಲಿನ್ ಫೈನಲ್ ಯೂಟ್ಯೂಬಲ್ಲಿದೆ ನೋಡಿ ಅಂದ್ರು, ಸುಮ್ನೆ ಹಾಕಿದ್ದು, ಈಗ ಮನೆಮಂದಿಗೆಲ್ಲಾ ಹುಚ್ಚು ಹಿಡಿದಿದೆ, ಅದು ಮುಗಿಸಿ 2025ರ ಪಿಯಾನೋದು ಶುರು ಮಾಡಿದೀವಿ. ನಮ್ಮ ಮಾವನೋರು ಕರ್ನಾಟಕ ಸಂಗೀತದವರು, ಹಿಂದೆ ಪಿಟೀಲು ನುಡಿಸ್ತಿದ್ರು, ಅವರೂ ಪಕ್ಕದಲ್ಲಿ ಕೂತು ನೋಡ್ತಾರೆ, ಡೌಟೆಲ್ಲಾ ಅವರದೇ, ಟೈಪ್ ಮಾಡೋಳು ನಾನು ಅಷ್ಟೆ.

ಎಲ್ಲಾ ಹುಡುಗರೂ ದೊಡ್ಡ ಕಾನ್ಸರ್ಟೋನ (ಆರ್ಕೆಸ್ಟ್ರಾ ಜೊತೆ ಒಬ್ಬರು ಮುಖ್ಯವಾಗಿ ನುಡಿಸೋ ಕೃತಿ) ನೋಟ್ಸ್ ಇಲ್ದೆ ನುಡಿಸ್ತಾರೆ, ಆದ್ರೆ ಅದಕ್ಕೆ ಮುಂಚೆ ಒಂದು ಪೀಸ್ ಮಾತ್ರ ಸ್ಟ್ಯಾಂಡ್ ಇಟ್ಕೊಂಡು ನುಡಿಸ್ತಾರೆ, ಹನ್ನೆರಡು ಜನಾನೂ ಅದೇ ಪೀಸು, ಕೇಳೋಕೆ ಸ್ವಲ್ಪ ವಿಚಿತ್ರಾನೇ. ಅದಕ್ಕೋಸ್ಕರ ಅವರನ್ನ ಒಂದು ವಾರ ಫೋನ್ ಕಿತ್ಕೊಂಡು ಕೂಡಿಹಾಕ್ತಾರೆ ಅಂತ ಟೀಚರ್ ಹೇಳಿದ್ರು, ನಿಜಾನಾ? ಆಮೇಲೆ ಜಡ್ಜ್‌ಗಳು ಒಂದು ಮಾತೂ ಆಡಲ್ಲ, ನಮ್ಮ ಟಿವಿ ಶೋ ಥರ ಅಳು ನಗು ಏನೂ ಇಲ್ಲ, ಸುಮ್ನೆ ಬರ್ಕೊಂಡು ಎದ್ದು ಹೋಗ್ತಾರೆ, ಮಾರ್ಕ್ಸ್ ಹೆಂಗೆ ಹಾಕ್ತಾರೆ? ಆರು ಜನಕ್ಕೆ ಮಾತ್ರ ರ‍್ಯಾಂಕ್ ಕೊಟ್ಟು ಉಳಿದ ಆರು ಜನಕ್ಕೆ ಯಾಕಿಲ್ಲ? ಇನ್ನೊಂದು, ಇದು ನನ್ನದು, ಕೇಳೋಕೂ ಸ್ವಲ್ಪ ಸಂಕೋಚ, ನಮ್ಮೂರಿನ ಮಕ್ಕಳು ಅಲ್ಲೀವರೆಗೂ ಹೋಗೋ ಸಾಧ್ಯತೆ ಇದೆಯಾ?

ಲ್ಯೂವೆನ್_ಕನ್ನಡಿಗ

ಮೇಡಂ, ಕೂಡಿಹಾಕೋದು ಪೂರ್ತಿ ನಿಜ. ನಾನು ಇಲ್ಲೇ ಹತ್ರ ಇದೀನಿ, ಫೈನಲ್ ಹಾಲ್‌ನಲ್ಲೇ ಕೂತು ನೋಡಿದೀನಿ ಹಾಗಾಗಿ ಗೊತ್ತಿರೋದು ಬರೀತೀನಿ, ಉದ್ದ ಆಗುತ್ತೆ.

ಬ್ರಸೆಲ್ಸ್‌ನಿಂದ ದಕ್ಷಿಣಕ್ಕೆ ವಾಟರ್ಲೂ, ನೆಪೋಲಿಯನ್ ಸೋತ ಅದೇ ವಾಟರ್ಲೂ, ಅಲ್ಲಿ ಮ್ಯೂಸಿಕ್ ಚಾಪೆಲ್ ಅಂತ ಒಂದಿದೆ, ಚಾಪೆಲ್ ಅಂದ್ರೂ ಚರ್ಚ್ ಅಲ್ಲ, 1939ರಲ್ಲಿ ಶುರುವಾದ ಸಂಗೀತದ ವಸತಿ ಶಾಲೆ. ಫೈನಲ್ ತಲುಪಿದ ಹನ್ನೆರಡು ಜನ ದಿನಕ್ಕೆ ಇಬ್ಬಿಬ್ಬರಂತೆ ಅಲ್ಲಿಗೆ ಹೋಗ್ತಾರೆ, ಹೋದ ತಕ್ಷಣ ಫೋನ್ ಕೊಟ್ಟುಬಿಡಬೇಕು, ಕೈಗೆ ಒಂದು ಹೊಸ ಕೃತಿಯ ಸ್ಕೋರ್ ಬರುತ್ತೆ. ಅಲ್ಲಿವರೆಗೂ ಯಾರೂ ಕೇಳಿರಲ್ಲ, ಪ್ರಿಂಟಾಗಿರಲ್ಲ, ರೆಕಾರ್ಡಿಂಗ್ ಅಂತೂ ಇಲ್ವೇ ಇಲ್ಲ. ಸರಿಯಾಗಿ ಒಂದು ವಾರ ಟೈಮು, ವಾರ ಆದ್ಮೇಲೆ ದೊಡ್ಡ ಆರ್ಕೆಸ್ಟ್ರಾ ಜೊತೆ ಬೋಜಾರ್ ಹಾಲ್‌ನಲ್ಲಿ ಎರಡು ಸಾವಿರ ಜನರ ಮುಂದೆ ನುಡಿಸಬೇಕು. ಒಬ್ಬೊಬ್ಬರಿಗೂ ಅಷ್ಟೇ ದಿನ ಸಿಗಲಿ ಅಂತಾನೇ ಆ ಇಬ್ಬಿಬ್ಬರ ಲೆಕ್ಕ, ಯಾಕಂದ್ರೆ ಫೈನಲ್ಲೂ ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಇಬ್ಬರದ್ದೇ. ಗುರುಗಳಿಗೆ ಫೋನ್ ಮಾಡಂಗಿಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಒಳಗಿರೋರು ಒಬ್ಬರಿಗೊಬ್ಬರು ಮಾತಾಡಬಹುದು, ಒಟ್ಟಿಗೆ ಊಟ ಮಾಡ್ತಾರೆ, ಎಷ್ಟೋ ಜನ ಅಲ್ಲೇ ಫ್ರೆಂಡ್ಸ್ ಆಗ್ತಾರೆ.

ಯಾಕೆ ಹೀಗೆ ಅಂದ್ರೆ ನಿಮ್ಮ ಮಾವನೋರಿಗೆ ಬೇಗ ಅರ್ಥ ಆಗುತ್ತೆ ಅನ್ಸುತ್ತೆ. ಒಬ್ಬ ಹುಡುಗ ಚೈಕೋವ್‌ಸ್ಕಿ ವಯಲಿನ್ ಕಾನ್ಸರ್ಟೋ ಚೆನ್ನಾಗಿ ನುಡಿಸಿದ ಅಂದ್ಕೊಳ್ಳಿ, ಅದನ್ನ ಅವನು ಹದಿಮೂರು ಹದಿನಾಲ್ಕನೇ ವಯಸ್ಸಿಂದ ಗುರುಗಳ ಹತ್ರ ತಿದ್ದಿಸ್ಕೊಂಡು ಬಂದಿರ್ತಾನೆ, ನೂರಾರು ರೆಕಾರ್ಡಿಂಗ್ ಕೇಳಿರ್ತಾನೆ, ಅದರಲ್ಲಿ ಪಾಠಾಂತರ, ಅಂದ್ರೆ ಗುರುಗಳಿಂದ ಕೇಳಿ ಕಲಿತದ್ದು ಎಷ್ಟು, ಅವನ ಸ್ವಂತದ್ದು ಎಷ್ಟು ಅಂತ ಯಾರಿಗೆ ಗೊತ್ತು. ಆ ಹೊಸ ಕೃತಿಗೆ ಪಾಠಾಂತರಾನೇ ಇಲ್ಲ. ಕೇಳಿದ್ದೆಲ್ಲಾ ಅವನದೇ. ಹಾಲ್‌ನಲ್ಲಿ ಕೂತು ಆರು ದಿನ ಅದೇ ಪೀಸ್ ಕೇಳಿದ್ರೆ ಮೊದಲ ದಿನ ಬರೀ ಗದ್ದಲ ಅನ್ಸುತ್ತೆ, ಬುಧವಾರದ ಹೊತ್ತಿಗೆ ಓಹೋ ಇವನು ಈ ಜಾಗದಲ್ಲಿ ನಿಧಾನ ಮಾಡಿದ, ನಿನ್ನೆಯವಳು ಇಲ್ಲಿ ಓಡಿದ್ಲು ಅಂತ ನಮ್ಮಂಥ ಪಾಮರರಿಗೂ ಗೊತ್ತಾಗೋಕೆ ಶುರುವಾಗುತ್ತೆ. ನನಗಂತೂ ಈ ಕಾಂಪಿಟಿಷನ್ನಿನ ನಿಜವಾದ ಮಜಾ ಅದೇ, ಕಾನ್ಸರ್ಟೋ ಎಲ್ಲಾ ಕಡೆ ಸಿಗುತ್ತೆ ಬಿಡಿ.

ಮಾರ್ಕ್ಸ್ ವಿಷಯ: ಜ್ಯೂರಿ ಒಳಗಡೆ ಚರ್ಚೆ ಮಾಡಂಗಿಲ್ಲ, ಅವರವರು ಅವರವರ ಅಂಕ ಹಾಕ್ತಾರೆ, ಲೆಕ್ಕ ಮಾಡಿ ರಿಸಲ್ಟ್. ಒಬ್ಬ ದೊಡ್ಡ ಮನುಷ್ಯ ದನಿ ಎತ್ತರಿಸಿ ಉಳಿದವರನ್ನ ತನ್ನ ಕಡೆ ಎಳ್ಕೊಳ್ಳೋದು ಬೇಡ ಅಂತ. ಶನಿವಾರ ರಾತ್ರಿ ಕೊನೆಯವರದ್ದು ಮುಗಿದು ಘೋಷಣೆ ಆಗೋ ಹೊತ್ತಿಗೆ ನಡುರಾತ್ರಿ ಆಗಿರುತ್ತೆ, ಕೊನೇ ಟ್ರೈನ್ ಯೋಚನೆ ನಮ್ಮದು. ಮೊದಲ ಆರಕ್ಕೆ ಸ್ಥಾನ, ಉಳಿದ ಆರು ಜನ ಎಲ್ರೂ ಸಮ. 7ನೇದು 12ನೇದು ಅಂತ ಹಣೆಪಟ್ಟಿ ಕಟ್ಟಲ್ಲ, ಅದು ಒಳ್ಳೇದೇ. ಮೊದಲ ಬಹುಮಾನ 25,000 ಯೂರೋ. 2019ರಲ್ಲಿ ವಯಲಿನ್ ಗೆದ್ದ ಸ್ಟೆಲ್ಲಾ ಚೆನ್‌ಗೆ ದುಡ್ಡಿನ ಜೊತೆ 1708ರ ಒಂದು ಸ್ಟ್ರಾಡಿವೇರಿಯಸ್ ವಯಲಿನ್ ನುಡಿಸೋಕೆ ಕೆಲವು ವರ್ಷ ಎರವಲು ಸಿಕ್ತು, ನನ್ನ ಕೇಳಿದ್ರೆ ದುಡ್ಡಿಗಿಂತ ಅದು ದೊಡ್ಡದು.

ಧಾರವಾಡ_ಫೇಡೆ

ಅಕ್ಕಾರ, ನಾ ಸ್ವಲ್ಪ ಉಲ್ಟಾ ಮಾತಾಡ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಹಿಂದೂಸ್ತಾನಿ ಕೇಳಾಂವ, ಪಿಯಾನೋ ಹುಚ್ಚೂ ಐತಿ. ಮಾತಾಡದ ಅಂಕ ಹಾಕೋದು ಚಲೋ ಅಂತ ಲ್ಯೂವೆನ್ ಅಣ್ಣಾರು ಹೇಳಿದ್ರು, ಅದರಾಗ ಒಂದು ತೊಂದರಿ ಐತಿ ನೋಡ್ರಿ. ಒಬ್ಬಾಂವ ಭಾಳ ಬ್ಯಾರೆ ಥರಾ ಬಾರಿಸಿದಾ ಅಂದ್ರ ಅರ್ಧ ಮಂದಿ ತೊಂಬತ್ತೈದು ಕೊಡ್ತಾರ, ಅರ್ಧ ಮಂದಿ ಐವತ್ತು ಕೊಡ್ತಾರ. ಯಾರಿಗೂ ಬ್ಯಾಸರಾ ಮಾಡದ, ಯಾರಿಗೂ ಹುಚ್ಚೂ ಹಿಡಿಸದ ಹುಡುಗ ಎಲ್ಲಾರ ಕಡಿಂದ ಎಂಬತ್ತು ತಗೊಂಡು ಮುಂದ ಹೊಕ್ಕಾನ. ಸಿಇಟಿ ರ‍್ಯಾಂಕ್ ಲಿಸ್ಟ್ ಇದ್ದಂಗ ಆತು.

ಇದs ಕಾಂಪಿಟಿಷನ್ನಿನ ಇತಿಹಾಸಾ ನೋಡ್ರಿ. 1938ರಾಗ ಪಿಯಾನೋ ಗೆದ್ದಾಂವ ಎಮಿಲ್ ಗಿಲೆಲ್ಸ್, ದೊಡ್ಡ ಮನಿಷ್ಯಾ, ಅದರ ಬಗ್ಗೆ ತಕರಾರಿಲ್ಲ. ಆದ್ರ ಅದs ವರ್ಷ (ಆಗ ಆರರ ಮುಂದಿನವರಿಗೂ ನಂಬರ್ ಇತ್ತು) ಏಳನೇ ನಂಬರ್ ಬಂದಾಂವ ಯಾರು ಗೊತ್ತೇನ್ರಿ, ಇಟಲಿಯ ಬೆನೆದೆತ್ತಿ ಮಿಕೆಲಾಂಜೆಲಿ! ಮರುವರ್ಷ ಜಿನೀವಾಕ್ಕ ಹೋಗಿ ಅಲ್ಲಿ ಮೊದಲನೇ ಬಹುಮಾನ ಹೊಡದಾ, ಇಪ್ಪತ್ತನೇ ಶತಮಾನದ ದೊಡ್ಡ ಪಿಯಾನಿಸ್ಟ್‌ಗಳ ಹೆಸರು ತಗೊಂಡ್ರ ಅವನ್ನ ಬಿಡಾಕs ಆಗೂದಿಲ್ಲ. 1967ರಾಗ ವಯಲಿನ್ ಬಾರಿಸೋ ಗಿಡಾನ್ ಕ್ರೆಮರ್‌ಗೆ ಇಲ್ಲೆ ಮೂರನೇ ಸ್ಥಾನ, ಮೂರು ವರ್ಷ ಬಿಟ್ಟು ಮಾಸ್ಕೋದ ಚೈಕೋವ್‌ಸ್ಕಿ ಕಾಂಪಿಟಿಷನ್ ಗೆದ್ದಾ. ಇನ್ನ ವಾರ್ಸಾದ ಶೋಪನ್ ಪಿಯಾನೋ ಕಾಂಪಿಟಿಷನ್ನಿನ ಕಥಿ ಅಂತೂ ಕೇಳಬ್ಯಾಡ್ರಿ, 1980ರಾಗ ಪೊಗೊರೆಲಿಚ್ ಅಂಬೋ ಹುಡುಗನ್ನ ಫೈನಲ್‌ಗೆ ಬಿಡಲಿಲ್ಲ ಅಂತ ದೊಡ್ಡ ಪಿಯಾನಿಸ್ಟ್ ಮಾರ್ತಾ ಅರ್ಗೆರಿಚ್ ಜ್ಯೂರಿ ಬಿಟ್ಟು ಎದ್ದು ಹೋದ್ಲು. ಆ ವರ್ಷ ಗೆದ್ದಾಂವ ವಿಯೆಟ್ನಾಮಿನ ದಾಂಗ್ ಥಾಯ್ ಸಾನ್, ಚಲೋ ಬಾರಿಸ್ತಾನ ಆಂವಾನೂ, ಆದ್ರ ಮಂದಿ ಆ ವರ್ಷದ ಮಾತು ತೆಗದ್ರ ಮದಲ ಪೊಗೊರೆಲಿಚ್ ಹೆಸರs ಹೇಳ್ತಾರ.

ಮಗಳಿಗೆ ಕಾಂಪಿಟಿಷನ್ ತೋರಸ್ರಿ, ನಂಬರ್ ತೋರಸಬ್ಯಾಡ್ರಿ.

ಲ್ಯೂವೆನ್_ಕನ್ನಡಿಗ

ಫೇಡೆ ಸರ್, ಒಪ್ತೀನಿ ಆದ್ರೆ ಅರ್ಧ. ಚರ್ಚೆ ಮಾಡಿದ ಮಾತ್ರಕ್ಕೆ ನ್ಯಾಯ ಸಿಗುತ್ತೆ ಅಂತ ಏನಿಲ್ಲವಲ್ಲ, ಜ್ಯೂರಿಯಲ್ಲಿ ಕೂರೋರೇ ದೊಡ್ಡ ದೊಡ್ಡ ಮೇಷ್ಟ್ರುಗಳು, ಅವರ ಶಿಷ್ಯರೇ ಎಷ್ಟೋ ಸಲ ಸ್ಪರ್ಧೆಯಲ್ಲಿರ್ತಾರೆ, ಮಾತಿಗೆ ಕೂತ್ರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ಇನ್ನು ಎಲ್ಲಾ ವರ್ಷಾನೂ ಎಡವಟ್ಟೇ ಆಗಿದೆ ಅಂತೇನಿಲ್ಲ. 1937ರ ಮೊದಲನೇ ಸ್ಪರ್ಧೆ, ಆಗ ಇದರ ಹೆಸರು ಇಸಾಯ್ ಸ್ಪರ್ಧೆ ಅಂತಿತ್ತು, ಗೆದ್ದಿದ್ದು ಸೋವಿಯತ್ ವಯಲಿನ್ ವಾದಕ ಡೇವಿಡ್ ಓಯ್‌ಸ್ಟ್ರಾಖ್. ಮೊದಲ ಆರರಲ್ಲಿ ಐದು ಸ್ಥಾನ ಸೋವಿಯತ್‌ನವರದ್ದೇ, ಯೂರೋಪಿನವರೆಲ್ಲಾ ಬಾಯಿ ಬಿಟ್ಟು ನೋಡಿದ್ರಂತೆ. ಯುದ್ಧ ಮುಗಿದು 1951ರಲ್ಲಿ ರಾಣಿ ಹೆಸರಲ್ಲಿ ಮತ್ತೆ ಶುರುವಾದಾಗ ವಯಲಿನ್‌ನಲ್ಲಿ ಗೆದ್ದಿದ್ದು ಲಿಯೊನಿದ್ ಕೊಗನ್, ಮರುವರ್ಷ ಪಿಯಾನೋದಲ್ಲಿ ಲಿಯಾನ್ ಫ್ಲೈಶರ್, 1956ರಲ್ಲಿ ಆಶ್ಕೆನಾಜಿ. ಈ ಲಿಸ್ಟ್ ನೋಡಿ ಜ್ಯೂರಿಗೆ ಕಿವಿ ಇಲ್ಲ ಅಂತ ಹೇಳೋಕಾಗಲ್ಲ ಸರ್.

ಧಾರವಾಡ_ಫೇಡೆ

ಕಿವಿ ಇಲ್ಲ ಅಂತ ನಾ ಎಲ್ಲಿ ಅಂದೆ, ಲೆಕ್ಕದ ಪದ್ಧತಿಗೆ ಕಿವಿ ಇಲ್ಲ ಅಂದೆ.

ಕೋಲಾರದ_ಹುಣಸೆಹಣ್ಣು

ಜಗಳದ ಮಧ್ಯೆ ಬರ್ತಿದೀನಿ ಕ್ಷಮಿಸಿ, ಮಾವನೋರಿಗೆ ಹೇಳೋಕೆ ಒಂದು ವಿಷಯ ಇದೆ. ಆ ಕ್ವೀನ್ ಎಲಿಜಬೆತ್ ಅಂದ್ರೆ ಇಂಗ್ಲೆಂಡ್ ರಾಣಿ ಅಲ್ಲ, ಸುಮಾರು ಜನ ಹಂಗೇ ಅಂದ್ಕೊಂಡಿದಾರೆ. ಬೆಲ್ಜಿಯಂ ರಾಣಿ, ಸ್ವತಃ ವಯಲಿನ್ ನುಡಿಸ್ತಿದ್ರು, ಅವರಿಗೆ ಪಾಠ ಹೇಳಿದೋರು ಯೂಜೀನ್ ಇಸಾಯ್, 1937ರ ಸ್ಪರ್ಧೆ ಆ ಗುರುಗಳ ಹೆಸರಲ್ಲೇ ಮಾಡಿದ್ದು. ಈ ರಾಣಿಗೆ ಎಂಬತ್ತು ದಾಟಿದ ಮೇಲೆ ಶೀರ್ಷಾಸನ ಕಲಿಸಿದ್ದು ನಮ್ಮ ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್! ತಮಾಷೆ ಅಲ್ಲ. ಅಯ್ಯಂಗಾರ್‌ರನ್ನ ಯೂರೋಪಿಗೆ ಕರ್ಕೊಂಡು ಹೋಗಿದ್ದೂ ಒಬ್ಬ ವಯಲಿನ್ ವಾದಕನೇ, ಯೆಹೂದಿ ಮೆನುಹಿನ್. 1952ರಲ್ಲಿ ಮೆನುಹಿನ್ ಇಂಡಿಯಾಕ್ಕೆ ಬಂದಾಗ ಬಾಂಬೆಯಲ್ಲಿ ಇಬ್ಬರ ಭೇಟಿ, ಆಮೇಲೆ ಸ್ವಿಟ್ಜರ್ಲೆಂಡಿಗೆ ಕರೆಸ್ಕೊಂಡ್ರು, ನನ್ನ ಅತ್ಯುತ್ತಮ ವಯಲಿನ್ ಗುರುಗಳಿಗೆ ಅಂತ ಕೆತ್ತಿಸಿ ಒಂದು ಕೈಗಡಿಯಾರಾನೂ ಕೊಟ್ರು. ವಯಲಿನ್ ಮುಟ್ಟದೆ ವಯಲಿನ್ ಗುರು ಆದ ಇನ್ನೊಬ್ಬರನ್ನ ನಾನಂತೂ ಕೇಳಿಲ್ಲ.

ಕುಡ್ಲದ_ಕೀಬೋರ್ಡ್

ಕೋಲಾರದವರು ಬಂದ ಮೇಲೆ ಮೈಸೂರು ಬಿಡ್ಲಿಕ್ಕೆ ಆಗ್ತದಾ ಮಾರಾಯ್ರೆ. ಜಯಚಾಮರಾಜೇಂದ್ರ ಒಡೆಯರ್ ಪಿಯಾನೋ ನುಡಿಸ್ತಿದ್ರು, ಲಂಡನಿನಲ್ಲಿ ಕಷ್ಟದಲ್ಲಿದ್ದ ರಷ್ಯನ್ ಸಂಯೋಜಕ ಮೆಟ್ನರ್ ಅವರ ಕೃತಿಗಳನ್ನು ರೆಕಾರ್ಡ್ ಮಾಡ್ಲಿಕ್ಕೆ ದುಡ್ಡು ಕೊಟ್ಟದ್ದು ಅವರೇ, ಮೆಟ್ನರ್‌ನ ಮೂರನೇ ಪಿಯಾನೋ ಕಾನ್ಸರ್ಟೋ ಮೈಸೂರು ಮಹಾರಾಜರಿಗೇ ಅರ್ಪಣೆ. ವೆಸ್ಟರ್ನ್ ಕ್ಲಾಸಿಕಲ್ ಅಂದ್ರೆ ನಮಗೆ ಸಂಬಂಧ ಇಲ್ಲದ್ದು ಅಂತ ಹೇಳುವವರಿಗೆ ಇದನ್ನು ಹೇಳ್ಬೇಕು.

ಈಗ ಮೇಡಂ ನಿಮ್ಮ ಕೊನೇ ಪ್ರಶ್ನೆ. ನಾನು ಮಕ್ಕಳಿಗೆ ಪಿಯಾನೋ ಕಲಿಸುವವಳು, ಹಾಗಾಗಿ ಬೆಣ್ಣೆ ಹಚ್ಚದೆ ಹೇಳ್ತೇನೆ. ಬ್ರಸೆಲ್ಸಿನದ್ದು ಮಕ್ಕಳ ಸ್ಪರ್ಧೆ ಅಲ್ಲ, 18 ಆಗಿರ್ಬೇಕು, ಮೂವತ್ತರ ತನಕ ಹೋಗ್ಬಹುದು. 1989ರಲ್ಲಿ ವಾದಿಮ್ ರೆಪಿನ್ ಹದಿನೇಳಕ್ಕೇ ಗೆದ್ದಿದ್ದ, ಆಗಿನ ನಿಯಮ ಬೇರೆ. ಮೊದಲು ವಿಡಿಯೋ ಕಳಿಸಿ ಆಯ್ಕೆ ಆಗ್ಬೇಕು, ನಂತರ ಬ್ರಸೆಲ್ಸಿನಲ್ಲಿ ಒಂದು ಸುತ್ತು, ಅಲ್ಲಿಂದ 24 ಜನ ಸೆಮಿಫೈನಲ್, ಮತ್ತೆ ಹನ್ನೆರಡು. ಮಕ್ಕಳಿಗೆ ಅಂತಲೇ ಮಾಡಿದ್ದು ಮೆನುಹಿನ್ ವಯಲಿನ್ ಸ್ಪರ್ಧೆ, 1983ರಲ್ಲಿ ಅವರೇ ಶುರು ಮಾಡಿದ್ದು, 22ರ ಒಳಗಿನವರಿಗೆ, 16ರ ಒಳಗಿನವರಿಗೆ ಬೇರೆಯೇ ವಿಭಾಗ. ರೇ ಚೆನ್ 2008ರಲ್ಲಿ ಅದನ್ನು ಗೆದ್ದು ಮರುವರ್ಷ ಬ್ರಸೆಲ್ಸೂ ಗೆದ್ದ.

ನಮ್ಮಲ್ಲಿ ಮಕ್ಕಳಿಗೆ ಕೈ ಇಲ್ಲ ಅಂತ ಅಲ್ಲ. ಇಲ್ಲಿ ಗ್ರೇಡ್ ಎಕ್ಸಾಮ್ ಅಂದ್ರೆ ವರ್ಷಕ್ಕೆ ಮೂರು ಪೀಸ್, ಸ್ಕೇಲ್ಸ್, ಮುಗೀತು. ಅಲ್ಲಿಯ ಹುಡುಗರು ಹನ್ನೆರಡಕ್ಕೇ ಕಾನ್ಸರ್ಟೋ ಮುಗಿಸಿರ್ತಾರೆ, ನಾಲ್ಕು ಜನರ ಕ್ವಾರ್ಟೆಟ್‌ನಲ್ಲಿ ನುಡಿಸ್ತಾರೆ, ಯೂತ್ ಆರ್ಕೆಸ್ಟ್ರಾದಲ್ಲಿ ಕೂತಿರ್ತಾರೆ. ಆರ್ಕೆಸ್ಟ್ರಾದ ಮುಂದೆ ನಿಂತು ನುಡಿಸುವುದು ಆರ್ಕೆಸ್ಟ್ರಾ ಇಲ್ಲದೆ ಎಲ್ಲಿಂದ ಕಲಿಯುವುದು ಹೇಳಿ? ದೇಶದಲ್ಲಿ ಅಂಥ ವೃತ್ತಿಪರ ಆರ್ಕೆಸ್ಟ್ರಾ ಅಂದ್ರೆ ಮುಂಬೈಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ, ಅದೂ ಶುರುವಾದದ್ದು 2006ರಲ್ಲಿ. ಹೋಗುವ ಮನಸ್ಸಿದ್ರೆ ಹದಿನೈದು ಹದಿನಾರಕ್ಕೆ ಹೊರಗೆ ಕಲಿಯುವ ದಾರಿ ನೋಡ್ಬೇಕಾಗ್ತದೆ, ಖರ್ಚು ಎಷ್ಟು ಅಂತ ಈಗ ಹೇಳಿ ಹೆದರಿಸುವುದಿಲ್ಲ. ಹನ್ನೆರಡು ವರ್ಷದ ಮಗು, ಸದ್ಯ ಜೊತೆಗೆ ನುಡಿಸುವ ನಾಲ್ಕು ಮಕ್ಕಳನ್ನು ಹುಡುಕಿ ಕೊಡಿ, ಗ್ರೇಡಿಗಿಂತ ಅದು ಮುಖ್ಯ.

ಸಂಪಿಗೆರೋಡ್_ಅಮ್ಮ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಎಲ್ಲಾನೂ ಗಟ್ಟಿಯಾಗಿ ಓದಿ ಹೇಳಿದೆ, ಮಾವನೋರು ಪಾಠಾಂತರದ ಮಾತಿಗೆ ತಲೆ ಆಡಿಸಿದ್ರು, ಆದ್ರೆ ಅವರದ್ದೂ ಒಂದು ಕೊಕ್ಕೆ ಇದೆ: ಒಂದು ವಾರ ಯಾಕೆ, ನಮ್ಮ ಕಡೆ ಪಿಟೀಲಿನೋರು ಹಾಡೋರು ಎತ್ಕೊಂಡ ರಾಗಾನ ಅದೇ ಕ್ಷಣ ಹಿಂಬಾಲಿಸಬೇಕು, ಸ್ಟ್ಯಾಂಡೂ ಇಲ್ಲ ಏನೂ ಇಲ್ಲ ಅಂತ! ಅದಕ್ಕೆ ಮಗಳು ತಾತ ನಿಮಗೆ ಎಂಬತ್ತು ಜನರ ಆರ್ಕೆಸ್ಟ್ರಾ ಇರ್ತಿರ್ಲಿಲ್ಲವಲ್ಲ ಅಂದ್ಲು, ಆ ವಾದ ಇನ್ನೂ ನಡೀತಿದೆ. ಕುಡ್ಲ ಮೇಡಂ, ನೀವು ಹೇಳಿದ್ದು ಸ್ವಲ್ಪ ಖಾರ ಇತ್ತು ಆದ್ರೆ ಬೇಕಾಗಿದ್ದು ಅದೇ. ಮುಂದಿನ ವಯಲಿನ್ ಯಾವಾಗ? ಅಲ್ಲೀವರೆಗೂ ಏನು ನೋಡಬೇಕು?

ಲ್ಯೂವೆನ್_ಕನ್ನಡಿಗ

2026 ಚೆಲ್ಲೋ, 2027 ಹಾಡುಗಾರಿಕೆ, ವಯಲಿನ್ ಮತ್ತೆ 2028ಕ್ಕೆ, ಪಿಯಾನೋ 2029. ಮೇ ತಿಂಗಳಲ್ಲಿ ಈ ಕಡೆ ಬಂದ್ರೆ ಬ್ರಸೆಲ್ಸ್‌ನ ಫ್ಲಾಜೆ ಹಾಲ್‌ನಲ್ಲಿ ನಡೆಯೋ ಮೊದಲ ಸುತ್ತುಗಳಿಗೆ ಹೋಗಿ, ಫೈನಲ್‌ಗಿಂತ ಟಿಕೆಟ್ ಕಮ್ಮಿ, ವೇದಿಕೆಗೂ ಹತ್ರ.

ಕುಡ್ಲದ_ಕೀಬೋರ್ಡ್

ಫೈನಲ್ ಸಾಕು ಮೇಡಂ, ಈಗ 2024ರ ಸೆಮಿಫೈನಲ್ ಹಾಕಿ. ಅಲ್ಲಿ ಎಲ್ಲರೂ ಸಣ್ಣ ಆರ್ಕೆಸ್ಟ್ರಾ ಜೊತೆ ಮೊಜಾರ್ಟ್ ನುಡಿಸ್ತಾರೆ. ಚೈಕೋವ್‌ಸ್ಕಿಯಲ್ಲಿ ಗದ್ದಲದ ಮಧ್ಯೆ ಸಣ್ಣ ತಪ್ಪು ಮುಚ್ಚಿ ಹೋಗ್ತದೆ, ಮೊಜಾರ್ಟಿನಲ್ಲಿ ಒಂದು ಸ್ವರ ಆಚೀಚೆ ಆದ್ರೂ ಕೇಳ್ತದೆ. ಇಬ್ಬರು ಒಂದೇ ಕಾನ್ಸರ್ಟೋ ನುಡಿಸಿದ್ದನ್ನು ಹುಡುಕಿ ಹಿಂದೆಮುಂದೆ ಹಾಕಿ, ಬಿಲ್ಲು ಎಲ್ಲಿ ಎತ್ತಿದ್ರು ಅಂತ ಮಗಳೇ ಹೇಳ್ಲಿ, ನೀವು ಹೇಳ್ಬೇಡಿ. ಮತ್ತೆ ಗ್ರೇಡ್ ಎಕ್ಸಾಮ್ ಲಂಡನಿನ ಎಬಿಆರ್‌ಎಸ್‌ಎಂ ಮಂಡಳಿಯದ್ದಾದ್ರೆ ಗ್ರೇಡ್ 5 ಥಿಯರಿ ಅಥವಾ ಅದಕ್ಕೆ ಸಮ ಅಂತ ಅವರು ಒಪ್ಪುವ ಪರೀಕ್ಷೆ ಪಾಸಾಗದೆ ಗ್ರೇಡ್ 6 ಪ್ರಾಕ್ಟಿಕಲ್‌ಗೆ ಕೂರಿಸುವುದಿಲ್ಲ, ಅದನ್ನೂ ಈಗಲೇ ಶುರು ಮಾಡಿಸಿ.