ಗೃಹಪ್ರವೇಶದ ಉಡುಗೊರೆಗೆ ಎಸ್ಪ್ರೆಸೊ ಯಂತ್ರ: ಯಾವುದು ಸೂಕ್ತ?

ಪ್ರಶ್ನೆ (ಜಯನಗರ): ಯಲಹಂಕದಲ್ಲಿ ಹೊಸ ಮನೆ ಕಟ್ಟಿಸಿರುವ ಅಕ್ಕ-ಭಾವನವರಿಗೆ ಎಸ್ಪ್ರೆಸೊ ಯಂತ್ರವೊಂದನ್ನು ಕೊಡಬೇಕೆಂದಿದ್ದೇನೆ, ಹತ್ತು ಸಾವಿರ ರೂಪಾಯಿ ಮೀರುವಂತಿಲ್ಲ. ಕೆಲವು ಪೆಟ್ಟಿಗೆಗಳ ಮೇಲೆ ಒತ್ತಡ 4 ಬಾರ್ ಎಂದೂ ಕೆಲವದರ ಮೇಲೆ 15 ಬಾರ್ ಎಂದೂ ಇದೆ. ಈ ವ್ಯತ್ಯಾಸಕ್ಕೆ ಹೆಚ್ಚು ಹಣ ತೆರಬೇಕೇ?

ಉತ್ತರ 1: ಖಂಡಿತ ತೆರಬೇಕು. 4 ಬಾರ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಹಬೆಯೇ ಕುದಿನೀರನ್ನು ಪುಡಿಯ ಮೂಲಕ ತಳ್ಳುವುದರಿಂದ ಡಿಕಾಕ್ಷನ್ ಕಹಿಯಾಗುತ್ತದೆ. ಎಸ್ಪ್ರೆಸೊಗೆ ಬೇಕಾದದ್ದು ಸುಮಾರು 9 ಬಾರ್ ಒತ್ತಡ. 15 ಎಂಬುದು ಪಂಪಿನ ಗರಿಷ್ಠ ಸಾಮರ್ಥ್ಯವಷ್ಟೇ, ಆದ್ದರಿಂದ 20 ಎಂದು ಬರೆದಿದ್ದರೆ ಮರುಳಾಗಬೇಡಿ.

ಉತ್ತರ 2: ನಾನಾದರೆ ಒತ್ತಡಕ್ಕಿಂತ ಮೊದಲು ಬಾಸ್ಕೆಟ್ಟನ್ನು (ಕಾಫಿಪುಡಿ ತುಂಬುವ ರಂಧ್ರಗಳ ಬಟ್ಟಲನ್ನು) ನೋಡುತ್ತೇನೆ. ಅದನ್ನು ಬೆಳಕಿಗೆ ಹಿಡಿದಾಗ ಒಳಗೆ ನೂರಾರು ರಂಧ್ರಗಳಿದ್ದರೂ ತಳದಲ್ಲಿ ಒಂದೇ ಒಂದು ಸೂಜಿಮೊನೆಯಷ್ಟು ರಂಧ್ರ ಕಂಡರೆ, ಅದು ಎರಡು ಪದರದ್ದು. ಅಂಗಡಿಯಲ್ಲಿ ಬೀಸಿಸಿ ತಂದ ಪುಡಿಗೂ ಅದರಲ್ಲಿ ನೊರೆ ಬರುತ್ತದೆ. ಒಂದೇ ಪದರದ್ದಾದರೆ 18 ಗ್ರಾಂ ಪುಡಿಯಿಂದ 25–30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯುವಷ್ಟು ನುಣ್ಣಗೆ ಬೀಸುವ ಗ್ರೈಂಡರ್ ಬೇಕು, ಅದಕ್ಕೆ ನಿಮ್ಮ ಹಣ ಸಾಲದು. ಪುಡಿ ಚಿಕ್ಕಮಗಳೂರಿನದ್ದಾಗಲಿ, ಕೊಡಗಿನದ್ದಾಗಲಿ, ಚಿಕೋರಿ ಬೆರೆಸಿಸಬೇಡಿ.

ಉತ್ತರ 3: ಮನೆಗೆ ಕಾವೇರಿ ನೀರೋ, ಬೋರ್‌ವೆಲ್ಲೋ ಎಂಬುದನ್ನೂ ವಿಚಾರಿಸಿ. ಗಡಸು ನೀರಿನ ಬಿಳಿ ಗಸಿ ಒಳಗಿನ ಕೊಳವೆಗಳಲ್ಲಿ ಕಟ್ಟಿಕೊಳ್ಳುವುದರಿಂದ ಆಗಾಗ ಡೀಸ್ಕೇಲಿಂಗ್ (ಆ ಗಸಿಯನ್ನು ಕರಗಿಸಿ ತೆಗೆಯುವುದು) ಮಾಡಬೇಕಾಗುತ್ತದೆ. ಉಡುಗೊರೆಯ ಜೊತೆಗೆ ಡೀಸ್ಕೇಲಿಂಗ್ ಪುಡಿಯ ಪೊಟ್ಟಣವನ್ನೂ ಇಡಿ. ಬಿಲ್ಲನ್ನು ಭಾವನವರ ಹೆಸರಿನಲ್ಲಿಯೇ ಮಾಡಿಸಿದರೆ ವಾರಂಟಿಗೆ ಅವರು ನಿಮ್ಮನ್ನು ಹುಡುಕಬೇಕಿಲ್ಲ.